ನೋಡದ ಕಲ್ಲಿನ ನೋಟ್ಸ್

ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿ ಮೂವತ್ತೊಂದು ವರ್ಷ ದುಡಿದು ನಾನು ನಿವೃತ್ತಳಾದೆ. ಈ ಪ್ರಸಂಗ ನಡೆದದ್ದು ಅದಾಗಿ ಎಂಟು ವರ್ಷಗಳ ಮೇಲೆ, ಕಳೆದ ವರ್ಷ, ಬಹುಪಾಲು ಶಿಗ್ಗಾಂವಿಯ ನನ್ನ ಮನೆಯಲ್ಲಿ, ಫೋನಿನ ಮೇಲೆ. ಹುದ್ದೆಯೇ ಇಲ್ಲದಾಗ ಆದದ್ದು ವೃತ್ತಿಯ ಅನುಭವ ಹೇಗಾದೀತು ಎಂದು ಕೇಳಬಹುದು. ನನ್ನ ಹಳೆಯ ಪಾಠವೊಂದು ನನ್ನನ್ನೇ ಹುಡುಕಿಕೊಂಡು ಬಂದಿತ್ತು. ಸೋ, ಹಾಗೆನ್ನಲು ಅಡ್ಡಿಯಿಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಇತಿಹಾಸದ ಹುಚ್ಚಿನವರು ಕೂಡಿ ಮಾಡಿಕೊಂಡ ಆನ್‌ಲೈನ್ ಗ್ರೂಪ್ ಒಂದಿದೆ. ಸವಣೂರಿನ ವೀಳ್ಯದೆಲೆ ವ್ಯಾಪಾರಿ, ಹಿರೇಕೆರೂರಿನ ನಿವೃತ್ತ ಬಸ್ ಕಂಡಕ್ಟರ್, ನಾಲ್ಕಾರು ಮಂದಿ ಮೇಷ್ಟರು, ಉಳಿದವರು ಹೆಚ್ಚಾಗಿ ನನ್ನ ಹಳೆಯ ವಿದ್ಯಾರ್ಥಿಗಳು. ಬಂಕಾಪುರದ ಕೋಟೆಯಿಂದ ಶುರುವಾದ ಹರಟೆ ಕಾಲೇಜಿನ ಸಿಲೆಬಸ್ಸಿಗೆ ಹೊರಳಿ, ಈಗಿನ ಹುಡುಗರು ಕ್ಲಾಸಿಗೇ ಬರುವುದಿಲ್ಲ ಎಂಬ ಗೊಣಗಾಟದಲ್ಲಿ ಮುಗಿಯುತ್ತಿತ್ತು. ಅಡ್ಮಿನ್ ಬಸವರಾಜ, ನನ್ನ ಮೊದಲ ಬ್ಯಾಚಿನವನು, ಈಗ ಅದೇ ಕಾಲೇಜಿನ ಪ್ರಿನ್ಸಿಪಾಲ. ಯಾವುದೇ ವಾದ ಬಿಗಿಯಾದರೂ ಯಾರಾದರೊಬ್ಬರು ನನ್ನ ನೋಟ್ಸಿನ ಝೆರಾಕ್ಸ್ ಹಾಳೆ ಹಾಕುತ್ತಿದ್ದರು. ಅಲ್ಲಿಗೆ ವಾದ ಮುಗಿಯಿತು.

ನೋಟ್ಸಿನ ಬಗ್ಗೆ ಒಂದು ಮಾತು. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರುಗಳು ಕಾಮಾ, ಫುಲ್‌ಸ್ಟಾಪ್ ಸಹಿತ ಡಿಕ್ಟೇಟ್ ಮಾಡುತ್ತಿದ್ದರು; ನಾವು ತಲೆಯೆತ್ತದೆ ಬರೆಯುತ್ತಿದ್ದೆವು. ನಾನೂ ಅದನ್ನೇ ಮಾಡಿದೆ, ಕನ್ನಡದಲ್ಲಿ. ಪುಸ್ತಕ ಕೊಳ್ಳಲಾಗದ ಮಕ್ಕಳಿಗೆ ನೋಟ್ಸೇ ಪುಸ್ತಕವಾಗಿತ್ತು.

ಕೆಲಸಕ್ಕೆ ಸೇರಿದ ವರ್ಷವೇ ಒಂದು ಮಧ್ಯಾಹ್ನ ಅಕ್ಕಿಆಲೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ತಮ್ಮೂರ ಹೊಲದಲ್ಲಿದ್ದ ಕಲ್ಲಿನ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು ತಂದಿದ್ದಳು. ಮೇಲೆ ಸೂರ್ಯ ಚಂದ್ರ, ಕೆಳಗೆ ಒಂದು ಆಕಳು. ಉಳಿದದ್ದು ಮಣ್ಣಿನಲ್ಲಿ ಹೂತಿದೆ ಎಂದಳು. ದನಗಳನ್ನು ಹೊಡೆದುಕೊಂಡು ಹೋಗುವ ಶತ್ರುಗಳ ಜೊತೆ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸುವುದು ತುರುಗೋಳಿನ ವೀರಗಲ್ಲು. ಆಕಳು ಕಂಡಿತಲ್ಲ, ವೀರ ಮಣ್ಣೊಳಗೆ ಇದ್ದೇ ಇರುತ್ತಾನೆ ಎಂದುಕೊಂಡೆ. ಇಡೀ ಕ್ಲಾಸು ತೂಕಡಿಸುತ್ತಿತ್ತು. ‘ಬರ್ಕೊಳ್ರಿ’ ಎಂದೆ. ಆ ವೀರನ ಕಾಳಗದ ಬಗ್ಗೆ ಎಂಟು ಸಾಲು ಡಿಕ್ಟೇಟ್ ಮಾಡಿದೆ. ಎಲ್ಲರೂ ಎಚ್ಚರಾದರು. ಮುಂದಿನ ವರ್ಷವೂ ಬರೆಸಿದೆ. ಅದರ ಮುಂದಿನ ವರ್ಷವೂ.

ಕಳೆದ ವರ್ಷ ಗ್ರೂಪಿನವರು ಒಂದು ಭಾನುವಾರ ಆ ಕಲ್ಲಿನ ಹತ್ತಿರ ಸೇರಿ ಗೌರವ ಸಲ್ಲಿಸಬೇಕೆಂದು ಗೊತ್ತುಮಾಡಿದರು. ‘ಅಜ್ಞಾತ ವೀರನಿಗೆ ನಮನ’ ಎಂದು ಫ್ಲೆಕ್ಸ್ ಕೂಡ ಆಯಿತು. ಮುಖ್ಯ ಅತಿಥಿ ನಾನು. ಅದರ ಹಿಂದಿನ ಸೋಮವಾರ ರೇಣುಕಾ ಒಂದು ಫೋಟೋ ಹಾಕಿದಳು. ಬಸವರಾಜನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಅವಳು. ಅಂದರೆ ಪ್ರತಿ ಅವಧಿಗೆ ಹೊಸದಾಗಿ ಪಟ್ಟಿಯಲ್ಲಿ ಹೆಸರು ಬಂದರಷ್ಟೇ ಕೆಲಸ. ಹೊಲದವರು ಪೈಪ್ ಹಾಕಲು ಅಗೆದಾಗ ಕಲ್ಲಿನ ಬುಡ ಹೊರಬಿದ್ದಿತ್ತು. ‘ಇಲ್ಲಿ ವೀರ ಇಲ್ಲ. ಆಕಳ ಕೆಚ್ಚಲಿಗೆ ಬಾಯಿಟ್ಟ ಕರು ಇದೆ, ಕೆಳಗೆ ಅಕ್ಷರಗಳಿವೆ. ಇದು ಭೂಮಿ ದಾನ ಕೊಟ್ಟ ಶಾಸನ ಇರಬಹುದು’ ಎಂದು ಬರೆದಿದ್ದಳು.

ಗ್ರೂಪು ಅವಳ ಮೇಲೆ ಮುಗಿಬಿತ್ತು. ಕಂಡಕ್ಟರ್ ಬರೆದರು: ‘ನಿನ್ನೆ ಬಸ್ ಹತ್ತಿದವರು ಡ್ರೈವರಗ ದಾರಿ ತೋರಸಾಕತ್ತಾರ.’ ನಗುವ ಮುಖಗಳು ಸಾಲುಗಟ್ಟಿದವು. ಕೊನೆಗೆ ಬಸವರಾಜನ ಮೆಸೇಜ್: ‘ರೇಣುಕಾ ಅವರೇ, ಪೋಸ್ಟ್ ಡಿಲೀಟ್ ಮಾಡಿ, ಮೇಡಂ ಅವರ ಕ್ಷಮೆ ಕೇಳಿ.’ ಮುಂದಿನ ಅವಧಿಯ ಪಟ್ಟಿ ತಯಾರಾಗುತ್ತಿದ್ದ ವಾರ ಅದು.

ನಾನು ಎಲ್ಲವನ್ನೂ ಓದಿದೆ. ಎರಡು ದಿನ ಒಂದಕ್ಷರ ಬರೆಯಲಿಲ್ಲ. ಟೈಪ್ ಮಾಡುವುದು, ಅಳಿಸುವುದು. ಫೋನನ್ನು ಕಪಾಟಿನಲ್ಲಿಟ್ಟು ಹಿತ್ತಿಲಿಗೆ ಹೋದೆ ಎಂದುಕೊಂಡರೆ, ಹಿತ್ತಿಲಿನಲ್ಲಿ ಅದು ಕೈಯಲ್ಲೇ ಇರುತ್ತಿತ್ತು. ಫೋಟೋವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಕರು ಕರುವೇ. ನೋಟ್ಸ್ ಓದಿ ಪಾಸಾದವರೆಲ್ಲ ನನ್ನ ಪರ ನಿಂತಿದ್ದಾರೆ ಎಂಬ ಒಂದು ಸುಖ ಇತ್ತಲ್ಲ, ಅದನ್ನು ಕೈಬಿಡಲು ಮನಸ್ಸಿರಲಿಲ್ಲ. ಐ ಆ್ಯಮ್ ನಾಟ್ ಪ್ರೌಡ್ ಆಫ್ ಇಟ್.

ಮೂರನೆಯ ದಿನ ರೇಣುಕಾಳ ಫೋನ್ ಬಂತು.

‘ಮೇಡಂ, ಸಾರಿ ಅಂತ ಬರದ್ ಬಿಡ್ಲೇನ್ರಿ? ಬರೀಲಿಲ್ಲಂದ್ರ ಪಟ್ಟಿಯೊಳಗ ಹೆಸರ ಇರೂದಿಲ್ಲ. ಬರದ್ರ, ನಾಳೆ ಕ್ಲಾಸಿನ್ಯಾಗ ಯಾವ ಮಾರಿ ಹೊತ್ತು ನಿಂದ್ರಲಿ? ಹುಡುಗರನ್ನ ಕರಕೊಂಡ ಹೋಗಿ ಆ ಕಲ್ಲ ತೋರ್ಸಿ ಬಂದೇನ್ರಿ.’

‘ಒಂದಿನ ತಡಿ. ನಾ ಆ ಕಲ್ಲ ನೋಡಬೇಕು.’

‘ನೀವು ನೋಡೇ ಇಲ್ಲೇನ್ರಿ?’

ಬಂಕಾಪುರ, ಹಾನಗಲ್ಲ, ಅಕ್ಕಿಆಲೂರು ಎಂದು ಬಸ್ಸು ಬದಲಿಸಿ ಹೋದೆ. ಸ್ಟ್ಯಾಂಡಿನಲ್ಲಿ ರೇಣುಕಾ ಕಾಯುತ್ತಿದ್ದಳು. ನನ್ನ ಕೈಚೀಲ ತಾನೇ ಹಿಡಿದಳು. ಹೊಲದ ಒಡತಿ ಗಂಗವ್ವ ಭತ್ತದ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದವಳು ಕುಡುಗೋಲು ಹಿಡಿದೇ ಬಂದಳು.

‘ಇಬ್ರೂ ಸಾಲಿ ಕಲಸೂ ಅಕ್ಕಾರು, ಕಲ್ಲ ಒಂದ. ಅದಕ್ಯಾಕ್ರಿ ಇಷ್ಟ ಜಗಳ? ಇದು ಆಕಳ ಕಲ್ಲ. ಮನ್ಯಾಗ ಆಕಳ ಈದ್ರ ಮೊದಲ ಹಾಲ ಇದಕ್ಕ ಹಾಕಿ ಬರತೇವಿ. ನಾ ಈ ಮನಿ ಸೊಸಿಯಾಗಿ ಬಂದು ನಲವತ್ತ ವರ್ಷಾತು. ಕೇಳಿದ್ರ ಹೇಳತಿದ್ದೆ. ನೀವ್ಯಾಕ ಒಮ್ಮೆಯೂ ಬರಲಿಲ್ರಿ?’

ಬಗ್ಗಿ ಒದ್ದೆ ಬಟ್ಟೆಯಿಂದ ಅಕ್ಷರ ಒರೆಸಿದೆ. ‘ಮತ್ತರು’ ಎಂಬ ಪದ ಸ್ಪಷ್ಟವಾಗಿ ಕಂಡಿತು. ಅದು ಹಳೆಯ ಕಾಲದ ಭೂಮಿಯ ಅಳತೆ. ಸೂರ್ಯ ಚಂದ್ರ ಇರುವವರೆಗೂ ಈ ದಾನ ನಡೆಯಲಿ ಎಂದು ಮೇಲೆ ಅವನ್ನು ಕೆತ್ತಿದ್ದರು. ವೀರನೂ ಇಲ್ಲ, ಕಾಳಗವೂ ಇಲ್ಲ. ಮಣ್ಣಿನೊಳಗೆ ಅವನನ್ನು ನಿಲ್ಲಿಸಿದವಳು ನಾನು.

ಅಲ್ಲೇ ಬದುವಿನ ಮೇಲೆ ಕೂತು ಗ್ರೂಪಿಗೆ ಬರೆದೆ: ‘ಈ ಕಲ್ಲನ್ನು ನಾನು ಇವತ್ತಿನವರೆಗೆ ನೋಡಿರಲಿಲ್ಲ. ನನ್ನ ನೋಟ್ಸ್ ತಪ್ಪು. ರೇಣುಕಾ ಹೇಳಿದ್ದೇ ಸರಿ.’

ಹಗುರಾಯಿತು ಅಂದುಕೊಂಡೆ. ಊರಿಗೆ ಮರಳುವ ಬಸ್ಸಿನಲ್ಲಿ ಫೋನ್ ತೆಗೆದರೆ ಬರೀ ಮುಗಿದ ಕೈಗಳು. ‘ಎಂಥ ದೊಡ್ಡ ಮನಸ್ಸು!’ ‘ಹುಡುಗಿ ಕೆಲಸ ಉಳಸಾಕ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡಾರ.’ ಎಲೆ ವ್ಯಾಪಾರಿ ನನ್ನ ಎಂಟು ಸಾಲನ್ನು ಮತ್ತೊಮ್ಮೆ ಹಾಕಿ, ‘ಇದೇ ಅಂತಿಮ’ ಎಂದಿದ್ದರು. ನಾನು ಕಲಿಸಿದ್ದನ್ನು ಇಷ್ಟು ಗಟ್ಟಿಯಾಗಿ ಕಲಿತಿದ್ದರು! ನನ್ನ ಮಾತನ್ನೇ ನಂಬಲೊಲ್ಲರು.

ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಕಾಲೇಜಿಗೆ ಹೋದೆ. ಬಸವರಾಜ ಎದ್ದು ನಿಂತ. ಚಹಾ ತರಿಸುತ್ತೇನೆ ಎಂದ. ಬೇಡ ಎಂದೆ.

‘ಮೇಡಂ, ನೀವು ಸುಮ್ನ ತ್ರಾಸ ತಗೊಂಡ್ರಿ. ಆಕಿ ಒಂದ ಸಾರಿ ಅಂದಿದ್ರ ಮುಗೀತಿತ್ತು. ನಿಮ್ಮ ನೋಟ್ಸ್ ಓದೇ ನಾ ಇಲ್ಲಿ ಕುಂತೇನ್ರಿ.’

‘ಅದಕ್ಕ ಬಂದೇನಿ, ಬಸವರಾಜ. ಆ ಕಲ್ಲಿನ ಪ್ರಶ್ನೆಗೆ ನೀ ತಪ್ಪು ಉತ್ತರ ಬರದಿ. ಫುಲ್ ಮಾರ್ಕ್ಸ್ ಕೊಟ್ಟಾಕಿ ನಾ. ಈಗ ಸರಿ ಬರದಾಕಿನ್ನ ಇಬ್ರೂ ಕೂಡಿ ಫೇಲ್ ಮಾಡೂದೇನು?’

ಅವನು ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತ ಕೂತ. ಪ್ರಿನ್ಸಿಪಾಲನ ಮುಖದಲ್ಲಿ ಹಳೆಯ ಹುಡುಗನ ಮುಖ ಕಾಣಿಸಿತು.

‘ಏನ ಮಾಡ್ಲಿ ಹೇಳ್ರಿ.’

‘ಭಾನುವಾರ ಆಕಿ ಮಾತಾಡ್ಲಿ. ನಾ ಕುಂತು ಕೇಳತೇನಿ. ನೀನೂ ಕೇಳು. ಆಮ್ಯಾಲೆ ಆಕಿ ಹೆಸರು ತಗೀಬೇಕಂದ್ರ ತಗಿ.’

ಭಾನುವಾರ ಇಪ್ಪತ್ತು ಮಂದಿ ಸೇರಿದರು. ಫ್ಲೆಕ್ಸನ್ನು ಸುರುಳಿ ಬಿಚ್ಚದೆ ಹಾಗೇ ಹಿಂದಕ್ಕೆ ಒಯ್ದರು. ರೇಣುಕಾ ಕಲ್ಲಿನ ಪಕ್ಕ ಮಣ್ಣಿನಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ನಿಂತವರು ಒಬ್ಬೊಬ್ಬರಾಗಿ ಬಗ್ಗಿದರು. ಕಂಡಕ್ಟರ್ ಕನ್ನಡಕ ಹಾಕಿಕೊಂಡು ಕರುವನ್ನು ಮುಟ್ಟಿ ನೋಡಿದರು. ಬಸವರಾಜ ಹಿಂದೆ ನಿಂತವನು ಮುಂದೆ ಬಂದು ಅವಳ ಪಕ್ಕ ಕೂತ. ಮುಂದಿನ ಅವಧಿಯ ಪಟ್ಟಿಯಲ್ಲಿ ಅವಳ ಹೆಸರು ಇತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಆರನೆಯ ಸಾಲಿನಲ್ಲಿ ಕಲ್ಲು ಒಡೆದಿತ್ತು. ರೇಣುಕಾಳ ಬೆರಳು ಅಲ್ಲೇ ನಿಂತಿತು. ‘ಮುಂದ ಏನೈತ್ರಿ?’ ಎಂದು ಎಲೆ ವ್ಯಾಪಾರಿ ಅವಸರ ಮಾಡಿದರು. ಅವಳಿಗಿಂತ ಮೊದಲು ನನ್ನ ಬಾಯಿಗೇ ಒಂದು ಊಹೆ ಬಂದಿತ್ತು, ಚಂದದ್ದು, ಎಲ್ಲರನ್ನೂ ಎಚ್ಚರಿಸುವಂಥದ್ದು. ತುಟಿ ಕಚ್ಚಿ ಹಿಡಿದೆ.

‘ಗೊತ್ತಿಲ್ರಿ’ ಎಂದಳು ಅವಳು, ಎಲ್ಲರಿಗೂ ಕೇಳುವಂತೆ. ‘ಇಲ್ಲಿಂದ ಮುಂದ ನನಗ ಗೊತ್ತಿಲ್ಲ.’

ಮೂವತ್ತೊಂದು ವರ್ಷದಲ್ಲಿ ಸಾವಿರಾರು ಪುಟ ಬರೆಸಿದವಳು ನಾನು. ಅವಳು ಹೇಳಿದ ಆ ಒಂದು ಸಾಲನ್ನು ಯಾವ ಮಗುವಿಗೂ ಬರೆಸಿರಲಿಲ್ಲ.