ಕಾಫಿ ಗಿಡಗಳ ಮೇಲೆ ನಡೆದ ಏಣಿ

ಮೊನ್ನೆ ಒಗೆಯಲು ತೆಗೆದ ಗಂಡನ ಅಂಗಿಯಲ್ಲಿ ಹಸಿ ಮೆಣಸಿನ ಘಾಟು ಇತ್ತು. ಬಳ್ಳಿಯಿಂದ ಆಗಷ್ಟೇ ಕಿತ್ತ ಕರಿಮೆಣಸನ್ನು ಅಂಗೈಯಲ್ಲಿ ತಿಕ್ಕಿದರೆ ಬರುವ, ಮೂಗಿನೊಳಗೆ ಹೋಗಿ ಕೂತುಬಿಡುವ ವಾಸನೆ. ಅಂಗಿಯನ್ನು ನೀರಿಗೆ ಹಾಕದೆ ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತೆ. ಸುಂಟಿಕೊಪ್ಪದ ಹತ್ತಿರ ನಮ್ಮ ಹಳೆಯ ಮನೆಯ ಪಕ್ಕದಲ್ಲಿದ್ದ ರೈಟರ್ ಮಾವನ ಮೈಯಿಂದಲೂ ಕೊನೆಕೊನೆಗೆ ಇದೇ ವಾಸನೆ ಬರುತ್ತಿತ್ತು...

ರಕ್ತಸಂಬಂಧವೇನಲ್ಲ. ಅವರ ಹಿರಿಯರೂ ನಮ್ಮವರೂ ಹಾಸನದ ಕಡೆಯಿಂದ ಬಂದವರು ಎಂಬಷ್ಟಕ್ಕೇ ಅವರು ನನಗೆ ಮಾವ, ಅವರ ಹೆಂಡತಿ ಅತ್ತೆ. ಮಾವ ಎದುರಿನ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ದಿನವಿಡೀ ಅವರ ಬೆನ್ನು ಬಿದ್ದು ಕೆಲಸ ಮಾಡಿಸುವುದು. ಅವರ ಗಂಟಲು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಮೆಣಸು ಕೊಯ್ಯುವ ಕಾಲದಲ್ಲಂತೂ ಒಂದೇ ಮಾತು: "ಏಣಿ ಮಲಗ್ಸಿ ಹೊತ್ಕಳ್ರೋ."

ಅಲ್ಯೂಮಿನಿಯಂ ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುವಾಗ ಮಲಗಿಸಿ ಹೊರಬೇಕು. ಆದರೆ ಒತ್ತಾಗಿ ಬೆಳೆದ ಕಾಫಿ ಗಿಡಗಳ ನಡುವೆ ಅದನ್ನು ಮಲಗಿಸಿ ತಿರುಗಿಸುವುದು ದೊಡ್ಡ ರಗಳೆ. ಹಾಗಾಗಿ ನಿಲ್ಲಿಸಿಕೊಂಡೇ ನಡೆದುಬಿಡುತ್ತಾರೆ. ಮೇಲೆ ಎಲ್ಲೋ ಕರೆಂಟಿನ ತಂತಿ ಇರುತ್ತದೆ. ಕೊಂಬೆಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಮೆಣಸಿನ ಕಾಲ ಬಂತೆಂದರೆ ಏಣಿ ತಂತಿಗೆ ತಗುಲಿ ಯಾರೋ ಸತ್ತ ಸುದ್ದಿಯೊಂದು ಬರುತ್ತದೆಂದು ನಾವೆಲ್ಲ ಒಳಗೊಳಗೇ ಕಾಯುತ್ತಿರುತ್ತೇವೆ.

ರಿಟೈರ್ ಆದಮೇಲೆ ಮಾವನಿಗೆ ಕೈಕಾಲೇ ಆಡದಂತಾಯಿತು. ಎಸ್ಟೇಟಿನ ಗಂಟೆ ಹೊಡೆಯುವ ಮೊದಲೇ ಎದ್ದು, ಬೂಟು ಹಾಕಿಕೊಂಡು, ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಆಳುಗಳು ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಬೈಯಲು ಬೇರೆ ಯಾರೂ ಸಿಗದೆ ಅತ್ತೆಯನ್ನು ಹಿಡಿದುಕೊಂಡರು. ಪಾತ್ರೆ ಇಲ್ಲಿ ಯಾಕಿಟ್ಟೆ, ಕೋಳಿಗೆ ಈಗ ಯಾಕೆ ಹಾಕಿದೆ... "ಇವ್ರು ಈಗ ನಂಗೂ ಹಾಜ್ರಿ ಹಾಕಕ್ಕೆ ಶುರು ಮಾಡವ್ರೆ ಕಣವ್ವ" ಎಂದು ಅತ್ತೆ ಬೇಲಿಯ ಹತ್ತಿರ ಬಂದು ನಗುತ್ತಿದ್ದರು.

ಮನೆಯ ಹಿಂದೆ ಅವರದೇ ಒಂದು ಚೂರು ತೋಟವಿತ್ತು. ಸಿಲ್ವರ್ ಓಕ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿತ್ತು. ಆ ವರ್ಷ ಕೊಯ್ಯಲು ಆಳುಗಳು ಬರಲಿಲ್ಲ. ಮಾವ ಕುಶಾಲನಗರಕ್ಕೆ ಹೋಗಿ ಒಂದು ಅಲ್ಯೂಮಿನಿಯಂ ಏಣಿ ತಂದು ತಾವೇ ಹತ್ತಿದರು. ಜೀವಮಾನವೆಲ್ಲ ಬುಡದಲ್ಲಿ ನಿಂತು ಕತ್ತೆತ್ತಿ ಕೂಗಿದ ಮನುಷ್ಯ ಒಮ್ಮೆಯೂ ಮರ ಹತ್ತಿದವರಲ್ಲ. ಮೊದಮೊದಲು ನಾಲ್ಕು ಮೆಟ್ಟಿಲಿಗೇ ಏಣಿಯನ್ನು ತಬ್ಬಿಕೊಂಡು ನಿಂತು ಇಳಿದುಬಿಡುತ್ತಿದ್ದರು. ಆದರೂ ಹಟ ಬಿಡಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ತುದಿಯ ಗೊಂಚಲಿನವರೆಗೂ ಹೋಗುತ್ತಿದ್ದರು.

ಆಶ್ಚರ್ಯವೆಂದರೆ ಅವರ ಗಂಟಲು ಇಳಿಯಿತು. ಶುಗರ್ ಕೂಡ ಹತೋಟಿಗೆ ಬಂತು. ಒಮ್ಮೆ ಕಾರಣ ಕೇಳಿದ್ದಕ್ಕೆ, "ಮೇಲೆ ಹೋದ್ರೆ ಕೂಗಕ್ಕಾಗಲ್ಲ ಕಣವ್ವ. ಕೂಗಿದ್ರೆ ಏಣಿ ಅಲ್ಲಾಡ್ತದೆ" ಎಂದರು. ಒಂದು ದಿನ ಅತ್ತೆಗೆ, ಸಾರು ಚೆನ್ನಾಗಿದೆ ಎಂದರಂತೆ. ಮದುವೆಯಾದ ಮೇಲೆ ಅದೇ ಮೊದಲು. ಅದನ್ನು ಅತ್ತೆ ನನ್ನ ಹತ್ತಿರ ದೂರು ಹೇಳುವವರ ಹಾಗೆ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ತೋಟದ ಕೆಳಗಿನ ಮೂಲೆಯ ಮೇಲೆ ತಂತಿ ಹಾದುಹೋಗಿತ್ತು. ಬಿದಿರಿನ ಏಣಿ ಮಾಡಿಸಿ ಎಂದು ನಾನೂ ಹೇಳಿ ನೋಡಿದೆ. ಈಗ ಒಳ್ಳೆ ಬಿದಿರು ಸಿಗುವುದಿಲ್ಲ, ಸಿಕ್ಕರೂ ಅದರ ಭಾರ ಈ ವಯಸ್ಸಿಗಾಗದು ಎಂದರು. ಅಷ್ಟರಲ್ಲಿ ಅಮ್ಮತ್ತಿ ಕಡೆಯ ತೋಟವೊಂದರಲ್ಲಿ ಒಬ್ಬ ತಂತಿ ತಗುಲಿ ಹೋದ. ಹಿಂದೆ ಮಾವನ ಕೈಕೆಳಗೇ ಕೆಲಸ ಮಾಡಿದವನು. ಮಾವ ಮಣ್ಣಿಗೆ ಹೋಗಿ ಬಂದು ಸ್ನಾನ ಮಾಡಿದರು. ಮಾರನೆಯ ಬೆಳಿಗ್ಗೆ ಮತ್ತೆ ಏಣಿ ಎತ್ತಿಕೊಂಡರು.

ಆ ಬೆಳಿಗ್ಗೆ ನಾನು ಅತ್ತೆಯ ಅಡುಗೆಮನೆಯಲ್ಲೇ ಇದ್ದೆ. ಮಾತಾಡುತ್ತಲೇ ಅತ್ತೆ ಕಿಟಕಿಯ ಕಡೆ ತಿರುಗಿದರು. ನಾನೂ ನೋಡಿದೆ. ಮನುಷ್ಯ ಕಾಣುತ್ತಿರಲಿಲ್ಲ. ಕಾಫಿ ಗಿಡಗಳ ಮೇಲೆ ಏಣಿಯ ತುದಿಯೊಂದೇ ನೆಟ್ಟಗೆ ನಿಂತು ಮೆಲ್ಲಗೆ ನಡೆದುಹೋಗುತ್ತಿತ್ತು, ಕೆಳಗಿನ ಮೂಲೆಯ ಕಡೆಗೆ. ಊರಿಗೆಲ್ಲ ಬುದ್ಧಿ ಹೇಳಿದವರೂ ಅದನ್ನು ನಿಲ್ಲಿಸಿಕೊಂಡೇ ಹೊರಟಿದ್ದರು. ಅತ್ತೆ ಬರಿಗಾಲಲ್ಲಿ ಓಡಿದರು. "ಮಲಗ್ಸಿ, ರೀ, ಮಲಗ್ಸಿ..." ತುದಿ ನಿಂತಿತು. ಆಮೇಲೆ ಒಂದು ಕಡೆಗೆ ವಾಲಿ ಗಿಡಗಳೊಳಗೆ ಮುಳುಗಿತು. ಇಳಿಸಿದರೋ, ಬಿದ್ದರೋ ಗೊತ್ತಾಗಲಿಲ್ಲ. ಮಾವ ಕೆಮ್ಮಿದ್ದು ಕೇಳಿದ ಮೇಲೆಯೇ ನನಗೆ ಉಸಿರು ಬಂದದ್ದು.

ಆವತ್ತೇ ಅತ್ತೆ ಶಿರಂಗಾಲದ ತಮ್ಮನನ್ನು ಕರೆಸಿ, ಅವನ ಪಿಕಪ್ಪಿನಲ್ಲಿ ಏಣಿಯನ್ನು ಸಾಗಿಸಿಬಿಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮರುದಿನ ಮಾವ ಹಿತ್ತಿಲಿಗೆ ಹೋಗಿ ಏಣಿ ಒರಗಿಸುತ್ತಿದ್ದ ಗೋಡೆಯ ಬದಿಯನ್ನು ನೋಡಿದರು. ಕೈ ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತರು. ಏಣಿ ಎಲ್ಲಿ ಎಂದು ಕೇಳಲೇ ಇಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ. ಉಳಿದ ಮೆಣಸನ್ನು ಗುತ್ತಿಗೆಯವರು ಕೊಯ್ದರು. ಅವರು ಏಣಿ ನಿಲ್ಲಿಸಿಕೊಂಡು ಓಡಾಡಿದರೂ ಮಾವ ಕೂಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದರು. "ಒಂದ್ಸಲ ಬೈದ್ಬಿಡ್ರಿ ನನ್ನ" ಎಂದು ಅತ್ತೆ ಗೋಗರೆದದ್ದನ್ನು ಬೇಲಿಯ ಈಚೆಯಿಂದ ನಾನೇ ಕೇಳಿದ್ದೇನೆ. ಆ ಮನೆಯ ಮೌನಕ್ಕೆ ನಾವು ಪಕ್ಕದವರೂ ಹೆದರಿದ್ದೆವು.

ಮಳೆಗಾಲ ಮುಗಿಯುವ ಮೊದಲೇ ಮಾವ ಹೋದರು. ಹಾಸಿಗೆಯಲ್ಲಿ, ನಿದ್ದೆಯಲ್ಲೇ. ಪುಣ್ಯದ ಸಾವು ಎಂದು ಬಂದವರೆಲ್ಲ ಹೇಳಿದರು. ತಿಥಿಯ ದಿನ ಎಲ್ಲರ ಊಟವಾದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತರು. "ಮರದಿಂದ ಬಿದ್ದು ಹೋಗಿದ್ರೆ ಆ ಮರನಾದ್ರೂ ಬೈಕೊಂಡಿರ್ತಿದ್ದೆ ಕಣವ್ವ" ಎಂದರು. "ಈಗ ಯಾರ್ನ ಬೈಯ್ಲಿ?" ಈಗ ಅತ್ತೆಯೂ ಇಲ್ಲ. ಮಾವನ ಗದ್ದಲವನ್ನು ಅಷ್ಟು ಶಪಿಸಿದ್ದ ನಾನು ಇವತ್ತು ಅದನ್ನು ಕೇಳಲು ಏನು ಬೇಕಾದರೂ ಕೊಟ್ಟೇನು...

ನಾವು ಆ ಮನೆ ಬಿಟ್ಟು ಈ ಕಡೆ ಬಂದು, ನನ್ನ ಗಂಡ ಆಫೀಸಿನಿಂದ ರಿಟೈರ್ ಆಗಿ, ಮನೆಯಲ್ಲಿ ಕೂತು ಕೂತು ಮುಖ ಗಂಟು ಹಾಕಿಕೊಂಡು, ಈಗ ಹಿತ್ತಿಲಿನ ಮೆಣಸಿನ ಮರ ಹತ್ತಲು ಹಿಡಿದಿದ್ದಾರೆ. ಅಪ್ಪನನ್ನು ಹತ್ತಲು ಬಿಡಬೇಡಮ್ಮ ಎಂದು ಮಗಳು ಫೋನಿನಲ್ಲಿ ಹೇಳಿದಳು. ಹೂಂ ಎಂದೆ. ಹೇಗೆ ತಡೆಯಲಿ? ಮೇಲಕ್ಕೆ ಹೋದರೆ ಈ ಮನುಷ್ಯ ಹಾಡು ಗುನುಗುತ್ತಾರೆ. ಎಷ್ಟೋ ವರ್ಷಗಳಾಗಿದ್ದವು ಅದನ್ನು ಕೇಳಿ.

ಬೆಳಿಗ್ಗೆ ನಾನೂ ಹೋಗಿ ಏಣಿಯ ಬುಡ ಹಿಡಿದು ನಿಲ್ಲುತ್ತೇನೆ. ತಲೆ ಎತ್ತಿ ನೋಡುವ ಧೈರ್ಯವಿಲ್ಲ. ಅವರು ನೆಲದ ಮೇಲೆ ಬಿಟ್ಟುಹೋದ ಚಪ್ಪಲಿಗಳನ್ನೇ ನೋಡುತ್ತಿರುತ್ತೇನೆ. ಗುನುಗು ನಿಂತರೆ "ರೀ" ಎನ್ನುತ್ತೇನೆ. ಇಲ್ಲಿಯವರೆಗೆ ಓಗೊಟ್ಟಿದ್ದಾರೆ.