ಗೂಡ್ಸ್ ರಿಕ್ಷಾದ ಸಾಲದಲ್ಲಿ ನನ್ನ ಹೆಸರು

ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಸೈನ್ ಹಾಕಲು ಬರುತ್ತದೆ. ಅದೂ ಬಾರದೆ ಇದ್ದಿದ್ದರೆ ಒಳ್ಳೆಯದಿತ್ತು.

ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಹೋಟೆಲುಗಳಿಗೆ ಪತ್ತಿರ್, ಅಂದರೆ ತೆಳು ಅಕ್ಕಿರೊಟ್ಟಿ, ಒತ್ತಿ ಕೊಡುವುದು ನನ್ನ ಕೆಲಸ. ದಿನಕ್ಕೆ ಮುನ್ನೂರು, ಎಲ್ಲ ಕೈಯಲ್ಲೇ. ಬಲಭುಜ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಗ ಆಸ್ಪತ್ರೆಯ ಎದುರಿನ ದೊಡ್ಡ ಹೋಟೆಲಿನವರು ದಿನಕ್ಕೆ ಸಾವಿರ ಬೇಕು, ಒಂದು ತಿಂಗಳು ಕಾಯುತ್ತೇವೆ ಎಂದರು. ಒತ್ತುವ ಮೆಷಿನ್ ಇಲ್ಲದೆ ಸಾವಿರ ಆಗುವ ಮಾತಲ್ಲ. ಮೆಷಿನ್ನಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದೆ.

ಬ್ಯಾಂಕಿನ ಹುಡುಗಿ ಕಂಪ್ಯೂಟರ್ ನೋಡಿ ಮುಖ ಸಣ್ಣ ಮಾಡಿದಳು. "ಅಜ್ಜಿ, ನಿಮ್ಮ ಹೆಸರಿನಲ್ಲಿ ಒಂದು ಗೂಡ್ಸ್ ರಿಕ್ಷಾದ ಸಾಲ ಉಂಟು. ಏಳು ಕಂತು ಕಟ್ಟಲಿಲ್ಲ. ಅದರಿಂದ ನಿಮ್ಮ ಹೆಸರು ತೆಗೆಸದೆ ಇಲ್ಲಿ ಸಾಲ ಸಿಗುವುದಿಲ್ಲ."

"ನಾನು ರಿಕ್ಷಾ ಬಿಡುವವಳ ಹಾಗೆ ಕಾಣ್ತೇನಾ?"

ಅವಳು ನಗಲಿಲ್ಲ. ಸಾಲಗಾರ ನನ್ನ ಗಂಡ, ಜೊತೆಗೆ ಸೈನ್ ಹಾಕಿದವಳು ನಾನು. ಗಂಡ ಎಂದರೆ ಆಗ ಗಂಡನಾಗಿದ್ದವನು. ಮೂರು ವರ್ಷದ ಹಿಂದೆ ಮಸೀದಿಯ ಜಮಾತಿನವರು ಇಬ್ಬರನ್ನೂ ಕೂರಿಸಿ ಮಾತಾಡಿ ಬಿಡಿಸಿದ್ದರು. ಪಾತ್ರೆ, ಚಿನ್ನ, ಕಪಾಟು ಎಲ್ಲ ಬೇರೆ ಮಾಡಿ, ಇನ್ನು ಇವರಿಬ್ಬರಿಗೆ ಕೊಡುವುದು ತೆಗೆಯುವುದು ಏನೂ ಇಲ್ಲ ಎಂದು ಬರೆದು ಮುದ್ರೆ ಹಾಕಿ ಕೊಟ್ಟಿದ್ದರು. ಆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಿದ್ದೆ. ಅದನ್ನೇ ಹಿಡಿದುಕೊಂಡು, ರಿಕ್ಷಾಕ್ಕೆ ಸಾಲ ಕೊಟ್ಟ ಕೊಟ್ಟಾರದ ಫೈನಾನ್ಸ್ ಆಫೀಸಿಗೆ ಹೋದೆ. ಮುದ್ರೆ ನೋಡಿದ ಕೂಡಲೇ ನನ್ನ ಹೆಸರು ಅಳಿಸುತ್ತಾರೆ ಎಂದು ನಂಬಿದ್ದೆ.

ಅಲ್ಲಿಯ ಮ್ಯಾನೇಜರ್ ಕಾಗದವನ್ನು ಮರ್ಯಾದೆಯಿಂದಲೇ ಓದಿದ. "ಜಮಾತಿನವರು ನಿಮ್ಮನ್ನು ಬೇರೆ ಮಾಡಿದ್ದಾರೆ ಅಮ್ಮ. ಆದರೆ ನಮ್ಮ ಕಂಪ್ಯೂಟರಿನಲ್ಲಿ ನಿಮಗೆ ಇನ್ನೂ ತಲಾಖ್ ಆಗಲಿಲ್ಲ."

"ಏಳು ತಿಂಗಳು ನೀವು ಎಂತ ನಿದ್ದೆ ಮಾಡ್ತಿದ್ರಾ? ನನಗೆ ಒಂದು ಮಾತು ಹೇಳಬಾರದಾ?"

"ಅವರ ಹೆಸರಿಗೆ, ನಿಮ್ಮದೇ ಮನೆಗೆ ಎಷ್ಟು ನೋಟಿಸ್ ಕಳಿಸಿದ್ದೇವೆ! ಎಲ್ಲ ವಾಪಸ್ ಬಂತು."

ಅದು ನನ್ನದೇ ಕೆಲಸ. ನಮ್ಮಲ್ಲಿ ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಬಂದು ಇರುವುದು ವಾಡಿಕೆ. ಇವನೂ ಹಾಗೆ ಬಂದವನು, ಇಪ್ಪತ್ತೆಂಟು ವರ್ಷ ಇದ್ದವನು. ಹಾಗಾಗಿ ಅವನ ಎಲ್ಲ ಕಾಗದಪತ್ರಕ್ಕೂ ನನ್ನ ಮನೆಯ ವಿಳಾಸ. ಅವನು ಪೆಟ್ಟಿಗೆ ಹಿಡಿದುಕೊಂಡು ಹೋದ ಮೇಲೆ ಆ ಹೆಸರಿನಲ್ಲಿ ಬಂದ ಒಂದು ಕವರನ್ನೂ ನಾನು ಒಳಗೆ ಬಿಡಲಿಲ್ಲ. "ಆ ಮನುಷ್ಯ ಈ ಮನೆಯಲ್ಲಿ ಇಲ್ಲ" ಎಂದು ಪೋಸ್ಟ್‌ಮ್ಯಾನಿಗೆ ವಾಪಸ್ ಕೊಟ್ಟೆ. ಅದರಲ್ಲಿ ನನಗೆ ದೊಡ್ಡ ಸಮಾಧಾನವೂ ಇತ್ತು, ಸುಳ್ಳು ಹೇಳುವುದಿಲ್ಲ.

ಹೆಸರು ತೆಗೆಯಲು ಒಂದೇ ದಾರಿ: ಕಂತಿನ ಬಾಕಿ ಕಟ್ಟಿ, ನನ್ನ ಜಾಗಕ್ಕೆ ಬೇರೆ ಯಾರಾದರೂ ಸೈನ್ ಹಾಕಬೇಕು. ಅವನನ್ನು ಹುಡುಕಿಕೊಂಡು ಬಂದರಿಗೆ ಹೋದೆ. ಗೋದಾಮಿನ ಎದುರು ರಿಕ್ಷಾದಲ್ಲಿ ಕಾಲು ಚಾಚಿ ಚಾ ಕುಡಿಯುತ್ತಿದ್ದ.

"ಎಂತ, ವಾಪಸ್ ಕರೆಯಲಿಕ್ಕೆ ಬಂದದ್ದಾ?"

"ನನಗೆ ಬೇರೆ ಕೆಲಸ ಉಂಟು. ನನ್ನ ಹೆಸರು ನನಗೆ ಕೊಡು."

ಸ್ವಲ್ಪ ಹೊತ್ತು ಜಗಳವಾಯಿತು. ಹಮಾಲಿಗಳು ಮೂಟೆ ಇಳಿಸುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಫೈನಾನ್ಸಿನವರು ರಿಕ್ಷಾ ಹಿಡಿದುಕೊಂಡು ಹೋಗುತ್ತಾರೆ ಎಂದಾಗ ಹೆದರಿದ. ಎಲ್ಲಿಂದಲೋ ತಂದು ಬಾಕಿ ಕಟ್ಟಿದ. "ಸೈನ್ ನನ್ನ ಹೆಂಡತಿ ಹಾಕ್ತಾಳೆ" ಎಂದ. ಹೌದು, ಮತ್ತೆ ಮದುವೆಯಾಗಿದ್ದ. ಹೋಟೆಲಿನವರು ಕೊಟ್ಟ ತಿಂಗಳು ತುಂಬಲು ಆರು ದಿನ ಉಳಿದಿತ್ತು.

ಕೊಟ್ಟಾರದ ಆಫೀಸಿನಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕುಳಿತೆವು. ಅವಳು ನನ್ನ ಮಗಳ ಪ್ರಾಯದವಳು. ಮ್ಯಾನೇಜರ್ ಕಾಗದ ಎದುರಿಗಿಟ್ಟು, ಎಲ್ಲೆಲ್ಲಿ ಸೈನ್ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿದ. ಅವಳು ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು.

"ಇದು ಎಂತದ್ದು? ಇವರು ಬರೀ ಸಾಕ್ಷಿಗೆ ಅಂದ್ರು."

ನನಗೂ ಅವನು ಅದನ್ನೇ ಹೇಳಿದ್ದ. "ಹೌದು ಮಾರಾಯ್ತಿ, ಸಾಕ್ಷಿಗೆ" ಎಂದರೆ ಮುಗಿದುಹೋಗುತ್ತಿತ್ತು. ಮೆಷಿನ್ ಬರುತ್ತಿತ್ತು. ಬಾಯಿಯವರೆಗೆ ಬಂತು ಕೂಡ.

"ಅವನು ಕಟ್ಟದಿದ್ದರೆ ನೀನು ಕಟ್ಟಬೇಕು. ಅದಕ್ಕೆ ಈ ಸೈನ್" ಎಂದೆ.

ಅವಳು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಅವನು ಎದ್ದು ನಿಂತು, "ನಿನ್ನ ಕೆಲಸಕ್ಕೆ ಅಂತ ಒಂದು ದಿನದ ಬಾಡಿಗೆ ಬಿಟ್ಟು ಬಂದದ್ದು ನಾನು! ನಿನ್ನ ನಾಲಗೆಗೆ ಬೀಗ ಇಲ್ಲವಾ?" ಎಂದು ಕೂಗಿದ. ಇಲ್ಲ. ಇದ್ದಿದ್ದರೆ ಬಹುಶಃ ಅವನು ಇನ್ನೂ ನಮ್ಮ ಮನೆಯಲ್ಲೇ ಇರುತ್ತಿದ್ದ.

ನಾನೇನೂ ಪುಣ್ಯದ ಕೆಲಸ ಮಾಡಲಿಲ್ಲ. ಬಸ್ಸಿನಲ್ಲಿ ಬರುವಾಗಲೇ ನನ್ನನ್ನು ನಾನು ಬೈದುಕೊಂಡೆ. ತಿಂಗಳು ತುಂಬಿದ ದಿನ ಹೋಟೆಲಿನವರು ಬೇರೆ ಕಡೆ ಆರ್ಡರ್ ಕೊಟ್ಟರು. ಸಾಲ ತೀರುವವರೆಗೆ ನನ್ನ ಹೆಸರು ಅಲ್ಲೇ. ಆಗ ಇನ್ನೂ ಹದಿನಾಲ್ಕು ಕಂತು ಇತ್ತು. ಒಂದು ತಪ್ಪಿದರೂ ನನ್ನ ದಾಖಲೆಗೆ ಮತ್ತೆ ಕಪ್ಪು ಚುಕ್ಕೆ.

ಆದರೆ ಅವನ ಹೆಂಡತಿ ಅಂದೇ ನನ್ನ ನಂಬರ್ ಕೇಳಿ ತೆಗೆದುಕೊಂಡಿದ್ದಳು. ರಿಕ್ಷಾ ಹೋದರೆ ಅವಳ ಒಲೆಯೂ ಉರಿಯುವುದಿಲ್ಲ. ಪ್ರತಿ ದಿನ ಅವನ ಕಿಸೆಯಿಂದ ಇಷ್ಟು ಎಂದು ತೆಗೆದಿಟ್ಟು, ಐದನೇ ತಾರೀಕಿಗೆ ತಾನೇ ಹೋಗಿ ಕಟ್ಟಿ ನನಗೆ ಫೋನ್ ಮಾಡುತ್ತಾಳೆ. "ಕಟ್ಟಿದೆ" ಎನ್ನುತ್ತಾಳೆ. "ಆಯ್ತು" ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಮಾತಿಲ್ಲ. ಹೀಗೆ ನಾಲ್ಕು ಕಂತು ಹೋಯಿತು.

ಇವತ್ತು ಏಳನೇ ತಾರೀಕು. ಫೋನ್ ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಮಗಳು, "ಉಮ್ಮ, ಸ್ವಲ್ಪ ಕೂತ್ಕೊಳ್ಳಿ, ಎಷ್ಟು ಸಲ ಬಾಗಿಲಿಗೆ ಹೋಗ್ತೀರಿ" ಎನ್ನುತ್ತಿದ್ದಾಳೆ. ಕೂತರೆ ಕಂತು ಕಟ್ಟಿದ ಹಾಗಾಗುತ್ತದಾ? ಹಿಟ್ಟು ಮುಚ್ಚಿಟ್ಟಿದ್ದೇನೆ. ಬಂದರಿನ ಬಸ್ಸು ಹತ್ತೂವರೆಗೆ.