ಕಾಲೇಜ್ ಬಯಲಾಗ ಕಂಬಳಿ ಹಾಸು

ನಮ್ಮಣ್ಣ ಮೈಲಾರಪ್ಪಗ ಸಿಟ್ಟು ಅನ್ನೋದೇ ಬರತಿರಲಿಲ್ಲ. ಅವನ ಪಾಲಿನದೂ ನನಗೇ ಬಂದೈತಿ. ಕುರುಗೋಡಿನಾಗ ದಾಯಾದಿಗಳು ಮನಿ ಹಿಂದಿನ ಹಿತ್ತಲ ನುಂಗಿ ನೀರು ಕುಡದಾಗೂ, "ಹೋಗ್ಲಿ ಬಿಡವ್ವ ಎಲ್ಲಮ್ಮ, ದೇವ್ರು ನೋಡ್ತಾನ" ಅಂದ. ಏನ್ ನೋಡಿದ್ನೋ ಆ ದೇವ್ರು! ಮಗ್ಗದ ಸಾಮಾನು ಬಂಡಿಗೆ ಹೇರಿ, ಹೆಂಡ್ತಿ ಹುಲುಗಮ್ಮನ್ನ, ಗಂಡ ಸತ್ತ ನನ್ನ ಕರಕೊಂಡು ಬಳ್ಳಾರಿಗೆ ಬಂದ. ಹೊಸದಾಗಿ ಕಟ್ಟಿದ ಕಾಲೇಜಿನ ಬಯಲಿಗೆ ಹತ್ತಿಕೊಂಡೇ ಒಂದು ಗುಡಿಸಲು ಹಾಕಿದ.

ಕಂಬಳಿ ನೇಯೋದು ಮನಿಯೊಳಗ. ಆದ್ರ ಅದಕ್ಕೂ ಮೊದಲು ಉಣ್ಣಿ ಎಳಿ ಎಲ್ಲಾ ಉದ್ದಕ್ಕ ಗೂಟದಿಂದ ಗೂಟಕ್ಕ ಎಳದು ಕಟ್ಟಬೇಕು. ಅದಕ್ಕ ಹಾಸು ಅಂತೀವಿ. ಮ್ಯಾಲೆ ಹುಣಸಿ ಬೀಜದ ಗಂಜಿ ಸವರಿ ಬಿಸಿಲಿಗೆ ಒಣಗಿಸಬೇಕು. ಗಂಜಿ ಹಸಿ ಇದ್ದಾಗ ಹಾಸು ನೆಲಕ್ಕ ಬಿತ್ತೋ, ಎಳಿಗೆ ಎಳಿ ಅಂಟಿ, ಮಣ್ಣು ಮೆತ್ತಿ, ಮುಗೀತು ಕತಿ. ನಮ್ಮ ಓಣ್ಯಾಗ ಎರಡು ಎಮ್ಮಿ ಎದುರುಬದರು ಬಂದ್ರ ಒಂದು ಹಿಂದ ಸರೀಬೇಕು, ಅಲ್ಲಿ ಹಾಸು ಎಲ್ಲಿ ಕಟ್ತೀ? ಬಯಲು ಇದ್ರ ಮಗ್ಗ, ಮಗ್ಗ ಇದ್ರ ಅನ್ನ. ಇಲ್ಲಂದ್ರ ಹೊಸಪೇಟಿ ಡ್ಯಾಮಿನ ಕಲ್ಲು ಹೊರಾಕ ಹೋಗಬೇಕು. ನನ್ನ ಗಂಡ ಅಲ್ಲಿಗೇ ಹೋಗಿ ಚಳಿಜ್ವರ ಹತ್ತಿಸಿಕೊಂಡು ಬಂದು ಸತ್ತ. ನಮ್ಮಣ್ಣಗಂತೂ ಮೊದಲೇ ದಮ್ಮಿನ ರೋಗ, ಒಂದು ಕೊಡ ನೀರು ಎತ್ತಿದ್ರ ಎದಿ ಸುಂಯ್ಯ್ ಅನ್ನತಿತ್ತು.

ಆಗ ಆ ಬಯಲು ಎಲ್ಲಾರದೂ ಆಗಿತ್ತು. ಪರೀಕ್ಷಿ ಬಂತಂದ್ರ ಹುಡುಗ್ರು ಪುಸ್ತಕ ಹಿಡಕೊಂಡು ಆ ಕಡಿಂದ ಈ ಕಡಿಗೆ ಒದರಿಕೋತ ಅಡ್ಡಾಡೋರು. ಓದಾಕ ಬರತಿದ್ದ ಇಬ್ಬರು ಹೆಣ್ಣುಮಕ್ಕಳು ದೂರದ ಬಂಡಿಗಲ್ಲಿನ ಮ್ಯಾಲೆ ಬೆನ್ನು ತಿರುಗಿಸಿ ಕುಂದ್ರೋರು. ಅಗಸರ ಧೋತ್ರ, ನಮ್ಮ ಮೆಣಸಿನಕಾಯಿ, ಯಾರದೋ ಆಡು, ಸಂಜಿಗೆ ಚೆಂಡಾಟ. ಯಾರ ಹೊತ್ತು ಯಾವುದು ಅಂತ ಯಾರೂ ಬರದಿಟ್ಟಿರಲಿಲ್ಲ, ಆದ್ರೂ ಜಗಳ ಇರಲಿಲ್ಲ. ಮುಂಜಾನಿ ನಮ್ಮಣ್ಣನ ಹೊತ್ತು. ನಮ್ಮ ಕುರುಬರ ಹಾಸು ದೇವರಿದ್ದಂಗ, ದಾಟಬಾರದು ಅಂತ ಹುಡುಗ್ರು ಬಗ್ಗಿ ಕೆಳಗ ನುಸುಳಿ ಹೋಗೋರು. ಸಿರುಗುಪ್ಪದ ಭತ್ತದ ವ್ಯಾಪಾರಿ ಮಗ ವಿರೂಪಾಕ್ಷಪ್ಪ ಅಂತ ಒಬ್ಬ ಇದ್ದ. ಹಾಸಿನ ಗೂಟದ ಹತ್ತಿರನೇ ಬೇವಿನ ಗಿಡದ ಕೆಳಗ ಕುಂತು ಇಂಗ್ಲೀಷು ಗಟ್ಟಿ ಓದೋನು. ನಮ್ಮಣ್ಣ ಕುಂಚ ಆಡಿಸಿಕೋತ "ಹೂಂ, ಹೂಂ" ಅನ್ನೋನು. ಏನ್ ತಿಳೀತಿತ್ತೋ ಅವಗ!

ಒಂದು ವರ್ಷ ಕಾಲೇಜಿನ ಹಿರೇರು ಬಯಲಾಗ ಕಟ್ಟಡ ಕಟ್ಟತೀವಿ ಅಂದ್ರು. ಆಡಾಕ ಜಾಗ ಹೋಗತೈತಿ ಅಂತ ಹುಡುಗ್ರು ಅಲ್ಲೇ ಧರಣಿ ಕುಂತರು. ಕಲ್ಲಿನ ಬಂಡಿ ಬರೋ ದಿನ ವಿರೂಪಾಕ್ಷಪ್ಪ ನಮ್ಮ ಬಾಗಿಲಿಗೆ ಬಂದ.

"ಮೈಲಾರಣ್ಣ, ಇವತ್ತ ಹಾಸು ಬಂಡಿದಾರಿಗೆ ಅಡ್ಡ ಕಟ್ಟು. ನಿನ್ನ ಹಾಸಿನ ಮ್ಯಾಲೆ ಬಂಡಿ ಹೊಡಿಯಾಕ ಯಾರಿಗೂ ಧೈರ್ಯ ಸಾಲೂದಿಲ್ಲ."

"ಬ್ಯಾಡಣ್ಣ, ದೊಡ್ಡೋರ ಜಗಳ" ಅಂದೆ ನಾನು.

"ನಮ್ಮ ಹುಡುಗ್ರು, ಎಲ್ಲಮ್ಮ. ಅವರ ಬಯಲು ಉಳಿದ್ರ ನಂದೂ ಉಳೀತೈತಿ" ಅಂದ ನಮ್ಮಣ್ಣ.

ಕಟ್ಟಿದ. ಬಂಡಿ ಹೊಡಿಯೋ ಉಚ್ಚೆಂಗೆಪ್ಪ ಹಾಸು ಕಂಡು ಕೆಳಗಿಳಿದ, ಕೆರವು ಬಿಟ್ಟ, ಎಳಿ ಮುಟ್ಟಿ ಕಣ್ಣಿಗೊತ್ತಿಕೊಂಡು ಎತ್ತು ಹಿಂದಕ ತಿರುಗಿಸಿದ. ಹಿಂದಿನ ಬಂಡಿಗಳೂ ತಿರುಗಿದವು. ಆವಾಗ ಕಾಲೇಜಿನ ಕಡಿಯಿಂದ ಯಾರೋ ಕೋಟಿನವ ಬಿರಬಿರ ಬಂದು ಗೂಟ ಕಿತ್ತು ಒಗದ. ಹಸಿ ಹಾಸು ಧೂಳಿನಾಗ ಬಿತ್ತು. ಒಂದು ಚಳಿಗಾಲದ ಉಣ್ಣಿ! ಹುಲುಗಮ್ಮ ಬಾಯಿ ಬಡಕೊಂಡು ಅತ್ತಳು. ನಮ್ಮಣ್ಣ ಮಣ್ಣಿನ ಮುದ್ದಿ ಆದ ಹಾಸನ್ನ ಎದಿಗವಚಿಕೊಂಡು, "ಇರ್ಲಿ, ಬಯಲು ಉಳದ್ರ ಸಾಕು" ಅಂದ.

ಉಳೀತು. ಊರಾಗ ಗುಲ್ಲೆದ್ದು, ಕಟ್ಟಡ ಬ್ಯಾರೆ ಕಡೆ ಹೋತು. ಹುಡುಗ್ರು ನಮ್ಮಣ್ಣನ್ನ ಹೆಗಲಮ್ಯಾಲೆ ಹೊತ್ತು ಕುಣದ್ರು. ಅವ ದಮ್ಮು ಹತ್ತಿ ಕೆಮ್ಮಿಕೋತನ ನಕ್ಕ. ಅಷ್ಟು ನಕ್ಕದ್ದು ನಾ ಕಂಡಿದ್ದಿಲ್ಲ.

ಹುಲುಗಮ್ಮ ಕಾಲ್ಗಡಗ ಬಿಚ್ಚಿಕೊಟ್ಟಳು. ಅದನ್ನ ಮಾರಿದ ದುಡ್ಡಿಗೆ ಹೊಸ ಉಣ್ಣಿ ಬಂತು. ನಾವಿಬ್ಬರೂ ಬೆರಳು ಸುಲಿಯೋತನಕ ನೂಲು ತಗದ್ವಿ. ಹಾಸಿಗೆ ಸಾಲುವಷ್ಟು ನೂಲು ಆದ ಮುಂಜಾನಿ ಅಣ್ಣ ಗೂಟ ಹೊತ್ತು, ನಾನು ಗಂಜಿ ಗಡಿಗಿ ಹೊತ್ತು ಹೋದ್ವಿ. ನೋಡ್ತೀವಿ, ಬಯಲಿನ ಸುತ್ತ ಕಲ್ಲಕಂಬ ನಿಂತಾವ, ಮುಳ್ಳುತಂತಿ ಎಳೀತಾರ. ಎಳಿಯೋರು ಕೂಲಿಯವರಲ್ಲ, ಅವೇ ಹುಡುಗ್ರು.

ವಿರೂಪಾಕ್ಷಪ್ಪ ಬೆವರು ಒರಸಿಕೋತ ಓಡಿ ಬಂದ. "ಮೈಲಾರಣ್ಣ, ನೋಡು! ಇನ್ನ ಯಾರೂ ನಮ್ಮ ಬಯಲು ಮುಟ್ಟಂಗಿಲ್ಲ."

"ಬೇಸಾತು. ನಾ ಎಲ್ಲಿಂದ ಒಳಗ ಬರಬೇಕಪ್ಪ?"

ಹುಡುಗನ ಮುಖ ಸಣ್ಣದಾತು. "ಹೊರಗಿನವರನ್ನ ಬಿಡಬಾರದು ಅಂತ ಹಿರೇರು ಷರತ್ತು ಹಾಕ್ಯಾರ. ನಾವೂ ಒಪ್ಪಿಕೊಂಡೀವಿ, ಇಲ್ಲಂದ್ರ ಬಯಲೇ ಸಿಗತಿರಲಿಲ್ಲ." ಆಮ್ಯಾಲೆ ಏನೋ ಹೊಳದವನಂಗ, "ಐತವಾರ ಮ್ಯಾಚ್ ಐತಿ. ನೀ ಬಾ ಅಣ್ಣ, ಗೇಟಿನವಗ ನಾ ಹೇಳಿರ್ತೀನಿ" ಅಂದ.

"ನಿಮ್ಮ ಬಾಯಾಗ ಮಣ್ಣು ಬೀಳಲಿ! ಮ್ಯಾಚ್ ಉಂಡು ಮಲಗಬೇಕೇನ್ರೋ ನಾವು?" ಅಂತ ನಾ ಚೀರಿದೆ. ಅಣ್ಣ ನನ್ನ ರಟ್ಟಿ ಹಿಡಿದು ಎಳಕೊಂಡು ಬಂದ. ಓಣ್ಯಾಗ ಹಾಸು ಕಟ್ಟಿ ನೋಡಿದ. ಬಿಸಿಲು ಏರೋದ್ರಾಗ ಆಡಿನ ಹಿಂಡು ಬಂತು, ಎಳಿ ಹರಿದವು. ಆವತ್ತು ಅವ ಉಣ್ಣಲಿಲ್ಲ. ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತಿದ್ದ. ಆ ಮಾರನೇ ದಿನ ಡ್ಯಾಮಿನ ಲಾರಿ ಹತ್ತಿದ. ಹುಲುಗಮ್ಮ ಲಾರಿ ಹಲಿಗಿ ಹಿಡಕೊಂಡು ಓಣಿ ದಾಟೋತನಕ ಓಡಿದಳು, ನಾನು ಅವಳ ಹಿಂದ. "ಹುಡುಗ್ರನ್ನ ಬೈಬ್ಯಾಡವ್ವ" ಅಂದ, ಕೆಮ್ಮಿದ, ಹೋದ.

ಐತವಾರ ವಿರೂಪಾಕ್ಷಪ್ಪ ಒಗದ ಅಂಗಿ ಹಾಕ್ಕೊಂಡು ಬಾಗಿಲಿಗೆ ಬಂದ. "ಮೈಲಾರಣ್ಣ ಎಲ್ಲಿ? ಗೇಟಿನವಗ ಹೇಳೀನಿ."

"ಡ್ಯಾಮಿಗೆ ಹೋದ."

"ಆ ದಮ್ಮು ಇಟಗೊಂಡು ಹೋದನ? ಅಯ್ಯೋ! ಯಾವಾಗ ಬರ್ತಾನ?"

ಬೈಬ್ಯಾಡ ಅಂದಿದ್ದನಲ್ಲ ಅಣ್ಣ, ನಾನು ಗಂಜಿ ಗಡಿಗಿ ಎತ್ತಿ ಬೋರಲು ಹಾಕಿದೆ. ಹುಲುಗಮ್ಮ ಒಳಗ ಬಿಕ್ಕೋದು ಅವಗೂ ಕೇಳಿಸ್ತು. ತಲಿ ಬಗ್ಗಿಸಿ ಒಂದು ಹೆಜ್ಜಿ ಒಳಗಿಟ್ಟ. ಅಷ್ಟರಾಗ ಬಯಲಾಗ ಸೀಟಿ ಊದಿದ್ರು, ಓಡಿ ಹೋದ.